ಮಗ್ಗದ ಮನೆಯ ಮೋಟಾರು

ಇಳಕಲ್ಲಿನ ಮಗ್ಗಕ್ಕೂ ಜಪಾನಿನ ವೇಗದ ಕಾರಿಗೂ ಏನು ನಂಟು ಎಂದು ಓದುಗರು ಕೇಳಬಹುದು. ನಂಟು ಉಂಟು. ನಮ್ಮ ಬಿಡದಿಯಲ್ಲಿಯೂ ಕಾರ್ಖಾನೆಯುಳ್ಳ ಟೊಯೋಟಾ ಸಂಸ್ಥೆಯ ಮೂಲಪುರುಷರಾದ ಸಕಿಚಿ ಟೊಯೋಡಾ ಮಗ್ಗಗಳ ಸುಧಾರಕರು. 1924ರಲ್ಲಿ ಅವರ ಸ್ವಯಂಚಾಲಿತ ಮಗ್ಗ ಸಿದ್ಧವಾಯಿತು. 1929ರಲ್ಲಿ ಅದರ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕೊಂಡಿತು. ಮೋಟಾರು ಕಂಪನಿ ಸ್ಥಾಪನೆಗೊಂಡುದು 1937ರಲ್ಲಿ.

ಅದೇ ಸಂಸ್ಥೆ 2010ರ ಡಿಸೆಂಬರಿನಿಂದ 2012ರ ಡಿಸೆಂಬರಿನವರೆಗೆ ಲೆಕ್ಸಸ್ ಎಲ್‌ಎಫ್‌ಎ ಎಂಬ ಕಾರನ್ನು ಕೇವಲ 500ರ ಸಂಖ್ಯೆಯಲ್ಲಿ ತಯಾರಿಸಿತು. ಅದರ ಚೌಕಟ್ಟಿನ ಕೆಲವು ಭಾಗಗಳಿಗೆ ಇಂಗಾಲದ ನೂಲನ್ನು ನೇಯ್ದುದೂ ಒಂದು ವೃತ್ತಾಕಾರದ ಮಗ್ಗವೇ! ಅಮೆರಿಕದಲ್ಲಿ ಬೆಲೆ 3,75,000 ಡಾಲರಿನಿಂದ ಆರಂಭ. ಆ ದರದಿಂದ ಐನೂರನ್ನು ಗುಣಿಸಿದರೆ ಬರುವುದು ಸುಮಾರು 19 ಕೋಟಿ ಡಾಲರು. ಸುಮಾರು ಹತ್ತು ವರ್ಷಗಳ ಸಂಶೋಧನೆಯ ವೆಚ್ಚವನ್ನು ಐನೂರೇ ಕಾರುಗಳ ಮೇಲೆ ಹಂಚಿದಾಗ ಲಾಭದ ಮಾತು ದೂರ. ಆದರೂ ಸಂಸ್ಥೆ ಅಂಜಲಿಲ್ಲ. ಕಲಿತ ವಿದ್ಯೆಯೂ ಗಳಿಸಿದ ಹೆಸರೂ ಅದಕ್ಕೆ ಉಳಿದವು. ಖರ್ಚನ್ನು ಹೊರಲು ಲಕ್ಷಗಟ್ಟಲೆ ಸಾಧಾರಣ ಕಾರುಗಳಿದ್ದವು.

ಇಳಕಲ್ಲಿನ ಕೈಮಗ್ಗದ ಸೀರೆಯೂ ಮಿತ ಸಂಖ್ಯೆಯ ವಸ್ತುವೇ. ಒಡಲಿನ ಹಾಸಿಗೆ ಸೆರಗಿನ ರೇಷ್ಮೆಯ ಹಾಸನ್ನು ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ಆದುದರಿಂದ ಪ್ರತಿ ಸೀರೆಗೂ ಹಾಸು ಬೇರೆ. ಹೆಸರೂ ದೊಡ್ಡದು. ಆದರೆ ನೇಕಾರನ ನಷ್ಟವನ್ನು ತುಂಬಿಕೊಡಲು ಅವನಲ್ಲಿ ಬೇರೊಂದು ಸರಕಿಲ್ಲ. ಆ ಹೆಸರಿನ ಬೆಳೆಯನ್ನು ವಿದ್ಯುತ್ ಮಗ್ಗದ ಅಗ್ಗದ ಅನುಕರಣೆ ಕೊಯ್ದುಕೊಳ್ಳುತ್ತದೆ. ಟೊಯೋಟಾದ ಹೆಸರು ಟೊಯೋಟಾದ ಕೈಯಲ್ಲಿಯೇ ಇದೆ. ಇಳಕಲ್ಲಿನ ಹೆಸರೂ ನೇಯುವವರ ಕೈಗೆ ಬಂದರೆ, ಕೊಂಡಿ ಹಾಕುವ ವಿದ್ಯೆ ಮುಂದಿನ ತಲೆಮಾರಿಗೂ ಉಳಿದೀತು.