ಪಂಪ್‌ಮನೆಯ ಗೋಡೆಯ ಪೆಟ್ಟಿಗೆ

ವಿಜಯಪುರ ಜಿಲ್ಲೆಯ ಸಿಂದಗಿ, ಇಂಡಿ ಕಡೆಯ ತೋಟಗಳಲ್ಲಿ ಪಂಪ್‌ಮನೆ ಗೋಡೆಗೆ ಮೋಟಾರ್ ಎಬ್ಬಿಸುವ ಒಂದು ಪೆಟ್ಟಿಗೆ ಇರುತ್ತದೆ. ಮೋಟಾರ್ ರಿವೈಂಡಿಂಗ್ ಕಸುಬಿನವನಾದ ನಾನು ಅದನ್ನು ಬಿಚ್ಚುವುದು, ಹೊಸದು ಕೂಡಿಸುವುದು ಮಾಡುತ್ತಲೇ ಇರುತ್ತೇನೆ. ಈ ಪೆಟ್ಟಿಗೆಯನ್ನು ಮತ್ತೆ ಮತ್ತೆ ಬದಲಿಸಿದ್ದು ಕರೆಂಟಿನ ವೇಳೆ. ಬೆಳೆಯ ಬಾಯಾರಿಕೆಯನ್ನು ಯಾವ ಪೆಟ್ಟಿಗೆಯೂ ಕೇಳಿಲ್ಲ.

ಪೆಟ್ಟಿಗೆಗೂ ಮೊದಲು, ಎತ್ತು ಹೂಡಿ ಬಾವಿಯ ನೀರೆತ್ತುವ ಕಪಿಲೆಯ ಕಾಲದಲ್ಲಿ ವೇಳೆ ಎತ್ತುಗಳದ್ದು. ತಂಪುಹೊತ್ತಿನಲ್ಲಿ ಹೂಡಿ ಬಿಸಿಲೇರಿದರೆ ಬಿಚ್ಚುತ್ತಿದ್ದರು. ಆಮೇಲೆ ಇಂಜಿನ್ ಬಂತು. ಬೆಳಗಾವಿ ಸೀಮೆಯ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿ ನೇಗಿಲು ಮಾಡುತ್ತಿದ್ದರು. ಅದೇ ಮನೆತನದ ಆಯಿಲ್ ಇಂಜಿನ್ ಕಂಪನಿ 1946ರಲ್ಲಿ ಪುಣೆಯಲ್ಲಿ ಶುರುವಾಯಿತು. ಡಬ್ಬಿಯಲ್ಲಿ ಡೀಸೆಲ್, ಹ್ಯಾಂಡಲ್ ತಿರುವಲು ರಟ್ಟೆಯಲ್ಲಿ ಕಸುವು ಇದ್ದರೆ ನಡುರಾತ್ರಿಯೂ ನೀರು.

1956ರ ತನಕ ನಮ್ಮ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. ಮರುವರ್ಷ ಮೈಸೂರು ರಾಜ್ಯ ವಿದ್ಯುತ್ ಮಂಡಳಿ ಹುಟ್ಟಿತು. ಕಂಬಗಳು ಹೊಲ ಹೊಕ್ಕಂತೆ ಹಸಿರು, ಕೆಂಪು ಗುಂಡಿಯ ಸ್ಟಾರ್ಟರ್ ಗೋಡೆ ಏರಿತು. ಹಸಿರು ಒತ್ತಿದರೆ ಒಳಗಿನ ಕಾಯಿಲ್ ಪಾಯಿಂಟುಗಳನ್ನು ಹಿಡಿದುಕೊಳ್ಳುತ್ತದೆ. ಕರೆಂಟ್ ಹೋದರೆ, ವೋಲ್ಟೇಜ್ ತೀರ ಇಳಿದರೆ ಬಿಟ್ಟುಬಿಡುತ್ತದೆ. ಕರೆಂಟ್ ಮರಳಿ ಬಂದಾಗ ತಾನಾಗಿ ಏಳುವುದಿಲ್ಲ, ಯಾರಾದರೂ ಹೋಗಿ ಒತ್ತಬೇಕು. ಮೋಟಾರಿನ ರಕ್ಷಣೆಗೆ ಮಾಡಿದ ಈ ಗುಣವೇ ರೈತನ ನಿದ್ದೆ ಕೆಡಿಸಿತು. ಥ್ರೀ ಫೇಸ್ ಪಾಳಿ ರಾತ್ರಿಗೆ ಬಿದ್ದರೆ ಹೊಲದಲ್ಲೇ ಹಾಸಿಗೆ. ಬೋರ್ಡಿನ ಮೂರು ದೀಪವೂ ಹತ್ತಿದವೋ ಇಲ್ಲವೋ ಎಂದು ನೋಡಲು ಹಾವು ಚೇಳಿನ ದಾರಿಯಲ್ಲಿ ಬ್ಯಾಟರಿ ಹಿಡಿದು ಎದ್ದು ಹೋಗಬೇಕು.

ಅದಕ್ಕೇ ಬಂತು ‘ಆಟೋ’. ಕರೆಂಟ್ ಬಂದದ್ದು ತಿಳಿದು ತಾನೇ ಮೋಟಾರ್ ಎಬ್ಬಿಸುವ ಚಿಕ್ಕ ಡಬ್ಬಿ. ಮೋಟಾರ್ ಏಳುವಾಗ ಎಳೆಯುವ ಕರೆಂಟ್ ಓಡುವಾಗಿನ ಐದಾರು ಪಟ್ಟು. ಒಂದು ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಮೋಟಾರುಗಳೆಲ್ಲ ಒಟ್ಟಿಗೇ ಎದ್ದರೆ ಟಿಸಿ ಉಳಿಯುವುದು ಕಷ್ಟ. ಒಬ್ಬೊಬ್ಬರದು ಒಂದೊಂದು ಹೊತ್ತಿಗೆ ಏಳಲಿ ಎಂದೇ ಡಬ್ಬಿಯಲ್ಲಿ ಟೈಮರ್ ಇರುತ್ತದೆ. ಮೊದಲು ತನ್ನದೇ ಏಳಲಿ ಎಂದು ಎಲ್ಲರೂ ಅದನ್ನು ಸೊನ್ನೆಗೆ ತಿರುವುತ್ತಾರೆ! 10 ಎಚ್‌ಪಿ ತನಕದ ಪಂಪಿಗೆ ಬಿಲ್ಲಿಲ್ಲ, ಜೊತೆಗೆ ಆಟೋ. ಬೆಳಗಿನ ತನಕ ನೀರು ಬದು ದಾಟುತ್ತದೆ. ಬೋರು ಬತ್ತಿದ್ದರಲ್ಲಿ ಈ ಜೋಡಿಯ ಪಾಲು ಸಣ್ಣದಲ್ಲ ಎಂಬುದು ನನ್ನ ಮತ. ಡಬ್ಬಿ ಮಾರಿ ಉಂಡವರಲ್ಲಿ ನಾನೂ ಒಬ್ಬ.

ಬೋರು ಬಿಟ್ಟರೆ ಅಣೆಕಟ್ಟಿನ ನೀರೂ ಇದೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಆಲಮಟ್ಟಿ ಅಣೆಕಟ್ಟು ನಮ್ಮ ಜಿಲ್ಲೆಯ ಬಸವನ ಬಾಗೇವಾಡಿ ತಾಲೂಕಿನಲ್ಲಿತ್ತು, ಈಗ ನಿಡಗುಂದಿಗೆ ಸೇರಿದೆ. ಅಲ್ಲಿ 290 ಮೆಗಾವ್ಯಾಟ್‌ನ ವಿದ್ಯುದಾಗಾರವಿದೆ. ನಾರಾಯಣಪುರದ ಎಡದಂಡೆಯಿಂದ ಇಂಡಿ ಶಾಖಾ ಕಾಲುವೆಯೂ ಬಂತು. ಆದರೂ ಕಾಲುವೆ ಮುಟ್ಟದ ನಿಂಬೆ ತೋಟಗಳು ಬೋರಿನ ಮೇಲೇ ನಿಂತಿವೆ.

ಈಗಿನದು ಮೊಬೈಲ್ ಸ್ಟಾರ್ಟರ್. ಪುಣೆಯ ಸಂತೋಷ್ ಓಸ್ತ್ವಾಲ್ ಅವರ ‘ನ್ಯಾನೋ ಗಣೇಶ್’ ಈ ಜಾತಿಯಲ್ಲಿ ಮೊದಮೊದಲು ಹೆಸರಾದದ್ದು. ಸಿಮ್ ಹಾಕಿ, ಮನೆಯಿಂದ ಫೋನ್ ಮಾಡಿದರೆ ಮೋಟಾರ್ ಏಳುತ್ತದೆ. ಎಷ್ಟು ಹೊತ್ತು ಓಡಬೇಕೆಂದು ಹೇಳಿಡಬಹುದು, ಬಾವಿ ಬತ್ತಿದರೆ ತಾನೇ ನಿಲ್ಲುವಂಥವೂ ಇವೆ. ಕೂಡಿಸುವಾಗ ಹಳೇ ಪೆಟ್ಟಿಗೆ ತೆರೆದರೆ ಮೊದಲು ಸಿಗುವುದು ಹಲ್ಲಿಯ ತತ್ತಿ, ಇರುವೆ ಗೂಡು, ಕಿಡಿ ತಿಂದು ಕರ್ರಗಾದ ಪಾಯಿಂಟು. ವೈರಿಗೆ ಗುರುತು ಕಟ್ಟದೆ ಬಿಚ್ಚಬಾರದು. ಎರಡು ಫೇಸ್ ಅದಲುಬದಲಾದರೆ ಮೋಟಾರ್ ಉಲ್ಟಾ ತಿರುಗುತ್ತದೆ, ನೀರು ಮೇಲೆ ಬರುವುದೇ ಕಡಿಮೆ. ಹಳೆಯದು ಅದನ್ನು ಕೇಳುತ್ತಿರಲಿಲ್ಲ. ಹೊಸದರಲ್ಲಿ ಕೆಲವು ಫೇಸಿನ ಸರದಿ ನೋಡಿ ಹಟ ಹಿಡಿದು ಕೂಡುತ್ತವೆ.

ಮೊನ್ನೆ ಇಂಡಿ ಕಡೆ ಒಬ್ಬ ಹಿರಿಯರು, “ಹಳೇದನ್ನ ಒಗಿಬ್ಯಾಡ ತಮ್ಮಾ, ಸಿಮ್ ಬಂದಾದ ದಿನ ಯಾರನ್ನ ಕೇಳೂಣು?” ಅಂದರು. ತಗ್ಗಿನ ಹೊಲ, ರೇಂಜು ಬರುತ್ತಾ ಹೋಗುತ್ತಾ ಇತ್ತು. ನಡುವೆ ಚೇಂಜೋವರ್ ಸ್ವಿಚ್ ಹಾಕಿ ಎರಡನ್ನೂ ಉಳಿಸಿದೆ. ಈಗ ಬಹಳ ಮಂದಿ ಹಾಗೇ ಕೇಳುತ್ತಾರೆ.