ಗೋಧಿಯ ಅಂಟು, ರಾಗಿಯ ಸೀಮೆ

ಮೈತೂಕ ಇಳಿಸುವ ಹಂಬಲದಿಂದ ಆರೋಗ್ಯವಂತರು ಚಪಾತಿಯನ್ನು ತ್ಯಜಿಸುತ್ತಿರುವುದನ್ನೂ, ಮೈದಾ ಬೆರೆತಿದೆಯೋ ಇಲ್ಲವೋ ಎಂದು ವಿಚಾರಿಸದೆಯೇ ರಾಗಿ ಬಿಸ್ಕತ್ತನ್ನು ಪಥ್ಯವೆಂದು ಕೊಳ್ಳುತ್ತಿರುವುದನ್ನೂ ಕಂಡವರಿಗೆ, ಗ್ಲುಟೆನ್ ಎಂಬುದು ಸಕಲರಿಗೂ ವಿಷವೆಂದೂ, ಅದರ ವರ್ಜನೆ ನಿನ್ನೆ ಮೊನ್ನೆ ಹುಟ್ಟಿದ ವ್ರತವೆಂದೂ ತೋರಿದರೆ ಆಶ್ಚರ್ಯವಿಲ್ಲ. ಎರಡೂ ತಪ್ಪು.

ಗೋಧಿಹಿಟ್ಟಿನ ಕಣಕವನ್ನು ನೀರಿನಲ್ಲಿ ತೊಳೆದಾಗ ಪಿಷ್ಟ ಹರಿದುಹೋಗಿ ಉಳಿಯುವ ಅಂಟನ್ನು, ಎಂದರೆ ಗ್ಲುಟೆನ್ನನ್ನು, ಕುರಿತು ಬೊಲೋನಾದ ಬೆಕ್ಕಾರಿ 1745ರಲ್ಲಿಯೇ ಪ್ರಕಟಿಸಿದ್ದನು. 1888ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ಕರುಳನ್ನು ಸವೆಸುವ ಸೀಲಿಯಾಕ್ ವ್ಯಾಧಿಯನ್ನು ವರ್ಣಿಸಿ, ಗುಣವಾಗುವುದಾದರೆ ಆಹಾರದಿಂದಲೇ ಎಂದನಾದರೂ, ಯಾವ ಆಹಾರವೆಂಬುದು ಅವನಿಗೆ ಹೊಳೆಯಲಿಲ್ಲ. ಹಾಲೆಂಡಿನ ಶಿಶುವೈದ್ಯ ಡಿಕೆ, ಮೊದಲೇ ಗೋಧಿಯನ್ನು ಶಂಕಿಸಿದ್ದವನು, 1944–45ರ ಕ್ಷಾಮದಲ್ಲಿ ಬ್ರೆಡ್ಡಿಲ್ಲದೆ ಚೇತರಿಸಿಕೊಂಡ ಮಕ್ಕಳು ಬ್ರೆಡ್ಡು ಮರಳಿದೊಡನೆ ಮತ್ತೆ ಕೃಶರಾದುದನ್ನು ಗಮನಿಸಿ, 1950ರ ತನ್ನ ಪ್ರಬಂಧದಲ್ಲಿ ಆ ವ್ಯಾಧಿಗೆ ಗೋಧಿಯೇ ಕಾರಣವೆಂದು ಸ್ಥಾಪಿಸಿದನು. ಮುಂದಿನ ಕರುಳಿನ ಬಯಾಪ್ಸಿ, ವಂಶವಾಹಿ, ರಕ್ತಪರೀಕ್ಷೆಗಳ ಕಥೆ ಎಲ್ಲ ಪಠ್ಯಗಳಲ್ಲಿಯೂ ದೊರೆಯುತ್ತದೆ.

ಪಠ್ಯಗಳಲ್ಲಿ ದೊರೆಯದ ಕಥೆ, ಗ್ಲುಟೆನ್ ಇಲ್ಲದ ರಾಗಿಯನ್ನುಣ್ಣುವ ನಮ್ಮ ಸೀಮೆಯದು. ಮಂಡ್ಯದ ವಿ.ಸಿ. ಫಾರಂನಲ್ಲಿ ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ 'ಇಂಡಾಫ್' ತಳಿಗಳನ್ನು ಸೃಷ್ಟಿಸಿದ ಲಕ್ಷ್ಮಣಯ್ಯನವರನ್ನು ಗ್ಲುಟೆನ್ ಚರಿತ್ರೆಯಲ್ಲಿ ಯಾರೂ ಸ್ಮರಿಸುವುದಿಲ್ಲ; ಆದರೆ ಒಂದು ಧಾನ್ಯವನ್ನು ತ್ಯಜಿಸೆಂದು ರೋಗಿಗೆ ವಿಧಿಸುವ ವೈದ್ಯನು, ಅದರ ಸ್ಥಾನದಲ್ಲಿ ಉಣ್ಣಲು ಯೋಗ್ಯವಾದ ಇನ್ನೊಂದನ್ನು ಹೊಲದಲ್ಲಿ ಉಳಿಸಿಕೊಟ್ಟವನಿಗೆ ಋಣಿಯಲ್ಲವೆ? ಹೊಲದ ರಾಗಿಯನ್ನು ಸಂಸ್ಕರಿಸುವ ಪಾಠವನ್ನು ನಮ್ಮ ಪೀಳಿಗೆಯವರು ಕಲಿತುದು, 1950ರಲ್ಲಿ ಸ್ಥಾಪಿತವಾದ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಪರಂಪರೆಯಿಂದ. ಗೋಧಿಯ ಕಣಕ ಎಳೆದಷ್ಟೂ ಹಿಗ್ಗುವುದು ಗ್ಲುಟೆನ್ನಿನ ಜಾಲದಿಂದ. ರಾಗಿಯ ಮುದ್ದೆ ಕಟ್ಟುವುದಾದರೋ ಕುದಿನೀರಿನಲ್ಲಿ ಅರಳಿದ ಪಿಷ್ಟದಿಂದ. ಈ ಭೇದವನ್ನರಿತವರು ರಾಗಿಯನ್ನು ಬ್ರೆಡ್ಡಾಗಿಸುವ ಹಟ ಬಿಟ್ಟು, ಅದರ ಸ್ವಭಾವಕ್ಕೆ ಒಪ್ಪುವ ದಾರಿಗಳನ್ನು ಅರಸಿದರು. ಕಾಳಿಗೇ ಅಂಟಿಕೊಂಡ ಸಿಪ್ಪೆಯನ್ನು, ನೆನೆಸಿ, ಆವಿಯಲ್ಲಿ ಬೇಯಿಸಿ, ಒಣಗಿಸಿ ಬಿಡಿಸುವ ಕ್ರಮವನ್ನು ಅದೇ ಸಂಶೋಧನಾಲಯದ ಎನ್.ಜಿ. ಮಲ್ಲೇಶಿಯವರು ರೂಢಿಸಿದ ಮೇಲೆ, ಹಿಟ್ಟಾಗಿಯೇ ಬಳಕೆಯಲ್ಲಿದ್ದ ರಾಗಿಯನ್ನು ಅನ್ನದಂತೆ ಬೇಯಿಸಿ ಉಣ್ಣುವುದೂ ಸಾಧ್ಯವಾಯಿತು. ಕರುಳು ಸವೆದು ಸುಣ್ಣಾಂಶ ಹೀರಲಾರದ ರೋಗಿಗೆ, ನೂರು ಗ್ರಾಮಿನಲ್ಲಿ ಸುಮಾರು 344 ಮಿಲಿಗ್ರಾಂ ಕ್ಯಾಲ್ಸಿಯಂ ಉಳ್ಳ ಈ ಕಾಳಿನ ಮುಂದೆ, ಆಲೂಗೆಡ್ಡೆ ಪಿಷ್ಟದಿಂದ ಮಾಡಿದ ವಿದೇಶೀ ಬ್ರೆಡ್ಡು ಏತರದು?

2016ರಲ್ಲಿ ರಾಮಕೃಷ್ಣ, ಮಖಾರಿಯಾ ಮುಂತಾದ ಸಂಶೋಧಕರು ಪ್ರಕಟಿಸಿದ ಸಮೀಕ್ಷೆಯಲ್ಲಿ ಉತ್ತರ ಭಾರತದವರ ಪೈಕಿ ಶೇಕಡ 1.23, ದಕ್ಷಿಣದವರ ಪೈಕಿ ಶೇಕಡ 0.10 ಮಂದಿಯ ರಕ್ತದಲ್ಲಿ ಸೀಲಿಯಾಕ್ ರೋಗದ ಪ್ರತಿಕಾಯಗಳು ಕಂಡವು. ರೋಗಕ್ಕೆ ಎಡೆಗೊಡುವ ವಂಶವಾಹಿಯಾದರೋ ಎಲ್ಲೆಡೆಯೂ ಸುಮಾರು ಮೂರರಲ್ಲೊಬ್ಬರಲ್ಲಿ ಇದ್ದಿತು. ಬೇರೆಯಾಗಿದ್ದುದು ಗೋಧಿಯ ಮೊತ್ತ, ಉತ್ತರದಲ್ಲಿ ದಿನಕ್ಕೆ 455 ಗ್ರಾಂ, ದಕ್ಷಿಣದಲ್ಲಿ 25. ಇದನ್ನೋದಿ 'ನಮಗಿಲ್ಲದ ರೋಗ' ಎಂದು ನಿಶ್ಚಿಂತರಾದವರುಂಟು. ಆದರೆ ಸಕ್ಕರೆ ಕಾಯಿಲೆಯ ಭಯದಿಂದ ರಾತ್ರಿಯ ಮುದ್ದೆ, ಅನ್ನಗಳೆರಡನ್ನೂ ಬಿಟ್ಟು ಚಪಾತಿಗೆ ತಿರುಗಿದ ಮನೆಗಳಿಗೆ, 25 ಗ್ರಾಂ ಗೋಧಿ ತಿಂದವರ ಅಂಕಿಯು ಅಭಯಪತ್ರವಾಗಲಾರದು. ಮಕ್ಕಳ ರಕ್ತಹೀನತೆ ಕಬ್ಬಿಣದ ಮಾತ್ರೆಗೂ ಬಗ್ಗದಿದ್ದಾಗ ಪ್ರತಿಕಾಯಗಳ ರಕ್ತಪರೀಕ್ಷೆ ನೆನಪಾಗಬೇಕು. ಅದಕ್ಕೆ ಮುನ್ನ ಗೋಧಿ ಬಿಟ್ಟುಬಿಟ್ಟರೆ ಪ್ರತಿಕಾಯಗಳು ಇಳಿದು, ಕರುಳು ಮಾಗಿ, ರೋಗವು ಪರೀಕ್ಷೆಗೆ ಸಿಗದೆ ಹೋಗುವುದೆಂಬುದನ್ನು ಫ್ಯಾಷನ್ನಿನ ಪಥ್ಯದವರು ಹೇಳುವುದೇ ಇಲ್ಲ.

ಇನ್ನು ಅನುಷ್ಠಾನ. ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಾಗಲಿ, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಾಗಲಿ, ರೋಗ ನಿಶ್ಚಯವಾದವರಿಗೆ ಮುದ್ದೆ, ಅನ್ನ, ಅವರೆಕಾಳಿನ ಸಾರು, ಮಾಂಸ, ಮೊಸರು ಇವೆಲ್ಲ ಸಲ್ಲುವುವು. ಚಿರೋಟಿ ರವೆ, ಗೋಧಿ ಶಾವಿಗೆ, ಪರೋಟ, ಗೋಧಿ ಬೆರೆಸಿ ಬೇಯಿಸಿದ ಹಲೀಮ್, ಬಾರ್ಲಿ ಮಾಲ್ಟ್ ಸೇರಿದ ಪೇಯ ಸಲ್ಲವು. ಸಾರಿನ ಒಗ್ಗರಣೆಗೆ ಬೀಳುವ ಕೂಟು ಇಂಗಿನಲ್ಲಿ ಗೋಧಿಹಿಟ್ಟು ಇರುವುದು ವಾಡಿಕೆಯಾದುದರಿಂದ ಡಬ್ಬಿಯ ಮೇಲಿನ ಅಕ್ಷರ ಓದದೆ ಕೊಳ್ಳಬಾರದು. ಗ್ಲುಟೆನ್ ಕಿಲೋಗ್ರಾಮಿಗೆ 20 ಮಿಲಿಗ್ರಾಂ ಮೀರಬಾರದೆಂಬ ಸರಕಾರದ ಮಿತಿ 'ಗ್ಲುಟೆನ್ ರಹಿತ' ಎಂದು ಬರೆದ ಪೊಟ್ಟಣಗಳಿಗೆ ಮಾತ್ರ ಅನ್ವಯಿಸುತ್ತದೆ. ಬೀದಿಯ ಹಿಟ್ಟಿನ ಗಿರಣಿಯಲ್ಲಿ ಹಿಂದಿನವರ ಗೋಧಿ ಬೀಸಿದ ಕಲ್ಲಿಗೇ ನಮ್ಮ ರಾಗಿಯನ್ನು ಸುರಿಯುವಾಗ ಆ ಮಿತಿಯನ್ನು ಅಳೆಯುವವರಿಲ್ಲ. ಊರಿಗೊಂದರಂತೆ ರಾಗಿಗೇ ಮೀಸಲಾದ ಗಿರಣಿ ಬರುವವರೆಗೆ, ರೋಗಿಗಳಿರುವ ಮನೆಯವರು ಕಾಳನ್ನು ತೊಳೆದು ಒಣಗಿಸಿ, ಮನೆಯ ಬೀಸುವ ಕಲ್ಲಿನಲ್ಲಿಯೇ ಹಿಟ್ಟು ಮಾಡಿಕೊಳ್ಳಬೇಕಾಗಿದೆ.