ಬೆರಳಿಗೊಂದು ಕವಚ: ಬಾಸ್ ಗಿಟಾರ್ ಮತ್ತು ಕೈಗವಸು

ವೀಣೆಯ ಅಭ್ಯಾಸಕ್ಕೆ ಕೂರುವ ಮುನ್ನ ಎಡಗೈ ಬೆರಳ ತುದಿಗೆ ಕೊಂಚ ಕೊಬ್ಬರಿ ಎಣ್ಣೆ ಸವರಿಕೊಳ್ಳುವುದು ನಮ್ಮಲ್ಲಿ ಹಳೆಯ ರೂಢಿ. ಸಿತಾರ್ ವಾದಕರು ಬಲಗೈ ತೋರುಬೆರಳಿಗೆ ತಂತಿಯ ಮಿಜ್ರಾಬ್ ತೊಡುತ್ತಾರೆ. ಸರೋದ್ ನುಡಿಸುವವರು ತೆಂಗಿನ ಚಿಪ್ಪಿನಲ್ಲಿ ಮಾಡಿದ 'ಜವಾ' ಹಿಡಿಯುತ್ತಾರೆ. ಬೆರಳಿಗೂ ತಂತಿಗೂ ನಡುವೆ ಏನಾದರೊಂದನ್ನು ಇರಿಸುವ ಉಪಾಯ ಹೊಸದೇನಲ್ಲ.

ಆದರೂ ಬಾಸ್ ಗಿಟಾರ್ ವಾದಕನೊಬ್ಬ ಕೈಗವಸು ತೊಟ್ಟು ವೇದಿಕೆಗೆ ಬಂದರೆ ಪ್ರೇಕ್ಷಕರು ಹುಬ್ಬೇರಿಸುತ್ತಾರೆ. ಶೋಕಿ ಎಂದು ನಗುವವರೂ ಉಂಟು. ಸಂಗೀತಗಾರನ ಬೆರಳು ಬರಿದಾಗಿರಬೇಕು, ನೋವುಂಡು ಜಡ್ಡುಗಟ್ಟಬೇಕು, ಆಗಲೇ ನಾದ ಒಲಿಯುವುದು ಎಂಬ ನಂಬಿಕೆ ಅಷ್ಟು ಗಟ್ಟಿ. ಆ ಗವಸಿನ ಹಿಂದೆ ಒಂದು ವಾದ್ಯದ ಇತಿಹಾಸವೂ, ಕೆಲವರ ಪಾಲಿಗೆ ಬದುಕಿನ ಪ್ರಶ್ನೆಯೂ ಅಡಗಿದೆ ಎಂಬುದು ಬಹುಮಂದಿಗೆ ತಿಳಿಯದು.

ಹೆಗಲಿಗೇರಿದ ಮಂದ್ರ

ಪಾಶ್ಚಾತ್ಯ ವಾದ್ಯಮೇಳದಲ್ಲಿ ಮಂದ್ರಸ್ಥಾಯಿಯ ಹೊಣೆ ಹೊತ್ತಿದ್ದುದು ಆಳೆತ್ತರದ ಡಬಲ್ ಬಾಸ್. ಅದನ್ನು ನಿಂತು ನುಡಿಸಬೇಕು, ಊರಿಂದೂರಿಗೆ ಸಾಗಿಸುವುದಂತೂ ಇನ್ನೊಂದು ಸಾಹಸ. ಡ್ರಮ್ ಮತ್ತು ವಿದ್ಯುತ್ ಗಿಟಾರ್‌ಗಳ ಅಬ್ಬರ ಹೆಚ್ಚಿದಂತೆ ಅದರ ದನಿ ಕೇಳಿಸದಾಯಿತು. ಅಮೆರಿಕದ ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ 1930ರ ದಶಕದಲ್ಲೇ ವಿದ್ಯುತ್ ಬಾಸ್ ತಯಾರಿಸಿದ್ದನಾದರೂ ಅದು ಜನರನ್ನು ತಲುಪಲಿಲ್ಲ.

ಗೆದ್ದವನು ಕ್ಯಾಲಿಫೋರ್ನಿಯಾದ ಲಿಯೊ ಫೆಂಡರ್. 1951ರಲ್ಲಿ ಅವನು ಹೊರತಂದ 'ಪ್ರಿಸಿಷನ್ ಬಾಸ್' ಗಿಟಾರ್‌ನಂತೆ ಹೆಗಲಿಗೆ ತೂಗುಹಾಕಿಕೊಳ್ಳಬಹುದಾದ ವಾದ್ಯ. ಡಬಲ್ ಬಾಸ್‌ನಲ್ಲಿ ಸ್ವರದ ಜಾಗವನ್ನು ಬೆರಳ ಅಂದಾಜಿನಿಂದಲೇ ಹುಡುಕಬೇಕಿತ್ತು. ಇದರಲ್ಲಿ ವೀಣೆಯ ಮೆಟ್ಟಿಲುಗಳಂತೆ ಲೋಹದ ಪಟ್ಟಿಗಳಿದ್ದವು. ಸ್ವರ ಖಚಿತ ಎಂಬ ಅರ್ಥದಲ್ಲೇ ಅದಕ್ಕೆ 'ಪ್ರಿಸಿಷನ್' ಎಂಬ ಹೆಸರು ಬಂತು.

ವಾದ್ಯ ಹಗುರಾಯಿತು ನಿಜ, ತಂತಿ ಹಗುರಾಗಲಿಲ್ಲ. ಸಾಮಾನ್ಯ ಬಾಸ್‌ನ ತಂತಿ ಮಿಡಿಯುವ ಉದ್ದ 34 ಅಂಗುಲ. ನಾಲ್ಕು ತಂತಿಗಳಲ್ಲಿ ಅತ್ಯಂತ ದಪ್ಪನೆಯದು ಸುಮಾರು 2.7 ಮಿಲಿಮೀಟರ್, ಗಿಟಾರ್‌ನ ಅತ್ಯಂತ ತೆಳು ತಂತಿಗಿಂತ ಸುಮಾರು ಹತ್ತು ಪಟ್ಟು. ಸೆಕೆಂಡಿಗೆ ಸುಮಾರು 41 ಸಲ ಕಂಪಿಸುವ ಆ ಮಂದ್ರ ಸ್ವರ ಸ್ಪಷ್ಟವಾಗಿ ಕೇಳಬೇಕಾದರೆ ದಪ್ಪ ತಂತಿಯನ್ನು ಬಿಗಿಯಾಗಿಯೇ ಕಟ್ಟಬೇಕು. ಒಂದೊಂದು ತಂತಿಯ ಎಳೆತವೂ 16ರಿಂದ 20 ಕಿಲೋಗ್ರಾಂ ಆಸುಪಾಸಿನಲ್ಲಿರುತ್ತದೆ. ಅದನ್ನು ಎಡಗೈ ಬೆರಳು ಅದುಮಬೇಕು, ಬಲಗೈ ಬೆರಳು ಗಂಟೆಗಟ್ಟಲೆ ಮೀಟಬೇಕು.

ತಂತಿ ಒರಟಾಯಿತು

ಮೊದಲ ಕಾಲದ ತಂತಿಗಳಿಗೆ ಹೊರಗೆ ಚಪ್ಪಟೆ ಪಟ್ಟಿ ಸುತ್ತಲಾಗುತ್ತಿತ್ತು. ಮುಟ್ಟಿದರೆ ನುಣುಪು, ನಾದವೂ ಮೃದು. ಡೆಟ್ರಾಯಿಟ್‌ನ ಮೋಟೌನ್ ಸಂಸ್ಥೆಯ ಅಸಂಖ್ಯ ಹಾಡುಗಳಿಗೆ ಬಾಸ್ ನುಡಿಸಿದ ಜೇಮ್ಸ್ ಜೇಮರ್‌ಸನ್ ಇಂಥ ತಂತಿಗಳನ್ನೇ ನೆಚ್ಚಿದ್ದ. ಒಂದೇ ತೋರುಬೆರಳಿನಿಂದ ಮೀಟುತ್ತಿದ್ದ ಅವನ ಆ ಬೆರಳಿಗೆ 'ಕೊಕ್ಕೆ' ಎಂಬ ಅಡ್ಡಹೆಸರೇ ಬಿದ್ದಿತ್ತು.

1960ರ ದಶಕದ ನಡುವಿನಲ್ಲಿ ಬ್ರಿಟನ್ನಿನ ರೋಟೋಸೌಂಡ್ ಕಂಪನಿ, 'ದಿ ಹೂ' ತಂಡದ ಬಾಸ್ ವಾದಕ ಜಾನ್ ಎಂಟ್ವಿಸಲ್‌ನ ಸಹಕಾರದಿಂದ ದುಂಡು ತಂತಿ ಸುತ್ತಿದ ಬಾಸ್ ತಂತಿಗಳನ್ನು ರೂಪಿಸಿತು. ಪಿಯಾನೋದಂತೆ ಝಣಝಣಿಸುವ ನಾದ ಅದರಿಂದ ಹೊರಟಿತು. ಅದೇ ದಶಕದಲ್ಲಿ ಲ್ಯಾರಿ ಗ್ರಹಾಂ ಹೆಬ್ಬೆರಳಿನಿಂದ ತಂತಿಗೆ ಬಡಿದು, ಇನ್ನೊಂದು ಬೆರಳಿನಿಂದ ಎಳೆದು ಬಿಡುವ ಶೈಲಿಯನ್ನು ರೂಢಿಗೆ ತಂದ. ತಾಯಿಯ ತಂಡದಲ್ಲಿ ಡ್ರಮ್ ಇಲ್ಲದ ಕೊರತೆ ತುಂಬಲು ಹೊಳೆದ ದಾರಿ ಅದು.

ಹೊಸ ನಾದಕ್ಕೆ ಬೆಲೆ ತೆತ್ತದ್ದು ಬೆರಳು. ದುಂಡು ತಂತಿಯ ಮೇಲ್ಮೈ ಒಂದು ಬಗೆಯ ಅರದಂತೆ. ಮರವನ್ನೂ ಅದು ಬಿಡುವುದಿಲ್ಲ. ಮೆಟ್ಟಿಲುಗಳಿಲ್ಲದ ಬಾಸ್ ನುಡಿಸಿ ಪ್ರಸಿದ್ಧನಾದ ಜಾಕೊ ಪಾಸ್ಟೋರಿಯಸ್, ತಂತಿ ಮರವನ್ನು ತಿನ್ನದಿರಲೆಂದು ದೋಣಿಗೆ ಬಳಿಯುವ ಎಪಾಕ್ಸಿಯನ್ನು ತನ್ನ ವಾದ್ಯಕ್ಕೆ ಬಳಿದಿದ್ದ. ಮರಕ್ಕೇ ಕವಚ ಬೇಕಾದಾಗ ಚರ್ಮದ ಪಾಡೇನು? ಕೆಲವರು ಪ್ಲಾಸ್ಟಿಕ್ ಪಿಕ್ ಹಿಡಿದರು, ಕೆಲವರು ಬೆರಳಿಗೆ ಟೇಪ್ ಸುತ್ತಿದರು, ಬಿರಿದ ಚರ್ಮವನ್ನು ಅಂಟಿನಿಂದ ಕೂಡಿಸಿಕೊಂಡು ನುಡಿಸಿದವರೂ ಇದ್ದಾರೆ.

ಕೈಗವಸನ್ನೇ ಗುರುತಾಗಿಸಿಕೊಂಡವನು 1964ರಲ್ಲಿ ಕ್ಯಾಮರೂನಿನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಬೆಳಗಿದ ಎಟಿಯೆನ್ ಎಂಬಾಪೆ. 1970ರ ದಶಕದಲ್ಲಿ ಝಾಕಿರ್ ಹುಸೇನ್, ವಿಕ್ಕು ವಿನಾಯಕರಾಂ ಮುಂತಾದವರೊಡನೆ 'ಶಕ್ತಿ' ತಂಡ ಕಟ್ಟಿದ ಜಾನ್ ಮೆಕ್‌ಲಾಫ್ಲಿನ್‌ನ ಮತ್ತೊಂದು ತಂಡದಲ್ಲಿ, ಮುಂಬೈಯ ಡ್ರಮ್ ವಾದಕ ರಂಜಿತ್ ಬಾರೋಟ್ ಪಕ್ಕದಲ್ಲಿ ನಿಂತು ಎಂಬಾಪೆ ನುಡಿಸಿದ್ದು ಕಪ್ಪು ರೇಷ್ಮೆಯ ಗವಸು ತೊಟ್ಟೇ. ಮಿಂಚಿನ ವೇಗದ ಅವನ ವಾದನ ಕೇಳಿದವರು ಗವಸು ಕೈಯನ್ನು ಕಟ್ಟಿಹಾಕುತ್ತದೆ ಎನ್ನಲಾರರು.

ಕಾರ್ಖಾನೆ ಕಸಿದ ಬೆರಳು

ಬೆರಳಿನ ಕವಚ ಅನಿವಾರ್ಯವೇ ಆದ ಪ್ರಸಂಗವೂ ಇದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಟೋನಿ ಅಯೋಮಿಗೆ ಆಗ 17 ವರ್ಷ. 1965ರಲ್ಲಿ ಲೋಹದ ತಗಡಿನ ಕಾರ್ಖಾನೆಯಲ್ಲಿ ಕೆಲಸದ ಕೊನೆಯ ದಿನ ಯಂತ್ರಕ್ಕೆ ಸಿಕ್ಕಿ ಅವನ ಬಲಗೈಯ ಎರಡು ಬೆರಳ ತುದಿಗಳು ಕತ್ತರಿಸಿಹೋದವು. ಅವನು ಎಡಚ, ತಂತಿ ಅದುಮುವುದು ಬಲಗೈಯಿಂದಲೇ. ಗಿಟಾರ್ ಬಿಡುವ ಯೋಚನೆಯಲ್ಲಿದ್ದವನಿಗೆ ಕಾರ್ಖಾನೆಯ ಮೇಲ್ವಿಚಾರಕ ಒಂದು ಧ್ವನಿಮುದ್ರಿಕೆ ಕೇಳಿಸಿದ. ಅದು ಜಾಂಗೊ ರೈನ್‌ಹಾರ್ಟ್‌ನದು. 1928ರಲ್ಲಿ ಬಂಡಿಮನೆಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಊನವಾದರೂ ಉಳಿದ ಬೆರಳುಗಳಿಂದಲೇ ಗಿಟಾರ್ ನುಡಿಸಿ ಯುರೋಪನ್ನು ಬೆರಗುಗೊಳಿಸಿದವನು ಆತ.

ಅಯೋಮಿ ಮನೆಯಲ್ಲಿದ್ದ ಪಾತ್ರೆ ತೊಳೆಯುವ ದ್ರಾವಣದ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳ ಟೋಪಿ ಮಾಡಿಕೊಂಡ, ಜಾರದಂತೆ ಅದಕ್ಕೆ ತೊಗಲಿನ ಚೂರು ಅಂಟಿಸಿದ. ತೆಳು ತಂತಿ ಕಟ್ಟಿದ, ಮುಂದೆ ಎಳೆತ ತಗ್ಗಿಸಲು ಶ್ರುತಿಯನ್ನೇ ಇಳಿಸಿದ. 'ಬ್ಲ್ಯಾಕ್ ಸಬ್ಬತ್' ತಂಡದ ಭಾರವಾದ ನಾದ ಹುಟ್ಟಿದ್ದರಲ್ಲಿ ಈ ಹೊಂದಾಣಿಕೆಗಳ ಪಾಲೂ ದೊಡ್ಡದು.

ಮಿದುಳು ಮುನಿದಾಗ

ಇನ್ನೊಂದು ಬಗೆಯ ತೊಂದರೆಯಲ್ಲಿ ಗಾಯವಿಲ್ಲ, ನೋವೂ ಇರುವುದಿಲ್ಲ. ವಾದ್ಯ ಹಿಡಿದೊಡನೆ ಒಂದೆರಡು ಬೆರಳು ತಾವಾಗಿಯೇ ಮಡಚಿಕೊಳ್ಳುತ್ತವೆ, ಇಲ್ಲವೇ ಸೆಟೆದು ನಿಲ್ಲುತ್ತವೆ. ಊಟ, ಬಟ್ಟೆಯ ಗುಂಡಿ, ಚಹಾದ ಲೋಟ ಎಲ್ಲದಕ್ಕೂ ಅದೇ ಕೈ ಸರಿಯಾಗಿ ಒದಗುತ್ತದೆ. ವೈದ್ಯರು ಇದನ್ನು 'ಫೋಕಲ್ ಡಿಸ್ಟೋನಿಯಾ' ಎನ್ನುತ್ತಾರೆ. ಒಂದೇ ಬಗೆಯ ಸೂಕ್ಷ್ಮ ಚಲನೆಯನ್ನು ವರ್ಷಗಟ್ಟಲೆ ಮಾಡಿದವರಲ್ಲಿ, ಮಿದುಳಿನೊಳಗೆ ಬೇರೆ ಬೇರೆ ಬೆರಳುಗಳಿಗಿರುವ ನೆಲೆಗಳ ಗಡಿ ಮಸುಕಾಗಿ ಆಜ್ಞೆಗಳು ಬೆರೆತುಹೋಗುತ್ತವೆ ಎಂಬುದು ಸ್ಥೂಲ ವಿವರಣೆ. ವೃತ್ತಿಪರ ಸಂಗೀತಗಾರರಲ್ಲಿ ನೂರಕ್ಕೆ ಒಬ್ಬರಿಗೆ ಇದು ತಟ್ಟುತ್ತದೆ ಎಂಬುದು ತಜ್ಞರ ಅಂದಾಜು.

ಪಿಯಾನೋ ವಾದಕನಾಗಬೇಕೆಂದಿದ್ದ ರಾಬರ್ಟ್ ಶೂಮನ್ 1830ರ ದಶಕದ ಆರಂಭದಲ್ಲಿ ಬಲಗೈ ಕೈಕೊಟ್ಟು ಸಂಗೀತ ರಚನೆಗೆ ಹೊರಳಿದ್ದಕ್ಕೆ ಇದೇ ಕಾರಣವಿರಬೇಕೆಂದು ಹಲವು ವೈದ್ಯರು ಊಹಿಸುತ್ತಾರೆ. ಅಮೆರಿಕದ ಪಿಯಾನೋ ವಾದಕ ಲಿಯಾನ್ ಫ್ಲೈಷರ್ 1960ರ ದಶಕದಲ್ಲಿ ಬಲಗೈ ಕಳೆದುಕೊಂಡಂತಾಗಿ ದಶಕಗಳ ಕಾಲ ಎಡಗೈಗೆಂದೇ ಬರೆದ ಕೃತಿಗಳನ್ನು ನುಡಿಸಿದ. ಚಿಕಿತ್ಸೆಯ ನೆರವಿನಿಂದ ಅವನು ಮತ್ತೆ ಎರಡೂ ಕೈಗಳಿಂದ ನುಡಿಸಿದ ಧ್ವನಿಮುದ್ರಿಕೆ ಬಂದದ್ದು 2004ರಲ್ಲಿ.

ಗವಸಿನ ಮಹತ್ವ ಇಲ್ಲಿದೆ. ಬೆರಳಿಗೆ ಸಿಗುವ ಸ್ಪರ್ಶ ತುಸು ಬದಲಾದರೆ ಕೆಲವರಲ್ಲಿ ಮಿದುಳು ಹಳೆಯ ತಪ್ಪು ಜಾಡನ್ನು ಬಿಡುತ್ತದೆ. ತೆಳು ರಬ್ಬರ್ ಗವಸು ತೊಡಿಸಿ ನೋಡುವುದನ್ನು ವೈದ್ಯರೂ ಮಾಡುತ್ತಾರೆ. ಬ್ರಿಟನ್ನಿನ ಬಾಸ್ ವಾದಕ ಮತ್ತು ಶಿಕ್ಷಕ ಸ್ಕಾಟ್ ಡಿವೈನ್ ಗವಸು ತೊಡುವುದು ಈ ತೊಂದರೆಯ ಕಾರಣದಿಂದಲೇ. ಇದು ಎಲ್ಲರಿಗೂ ಫಲಿಸುವುದಿಲ್ಲ. ಫಲಿಸಿದವರಿಗೆ ಗವಸು ಎಂದರೆ ವೃತ್ತಿಯ ಉಳಿವು.

ಲಾಭ, ನಷ್ಟ

ಉಳಿದವರಿಗೆ ಗವಸಿನ ಲಾಭಗಳು ಸರಳ. ಬೆವರು ತಂತಿಗೆ ತಾಗದು. ತಂತಿ ಬೇಗ ಮಂಕಾಗದು. ತಂತಿಯಲ್ಲಿರುವ ನಿಕ್ಕಲ್ ಲೋಹ ಆಗದವರ ಚರ್ಮ ಕೆರಳದು. ಕೈ ಸರಿಸುವಾಗ ಏಳುವ ಕಿರ್ರೆಂಬ ಸದ್ದು ತಗ್ಗುತ್ತದೆ. ನಷ್ಟವೂ ಇದೆ. ನಾದದ ಹೊಳಪು ಕೊಂಚ ಕುಗ್ಗುತ್ತದೆ, ತಂತಿಯ ಸೂಕ್ಷ್ಮ ಸ್ಪರ್ಶ ಮರೆಯಾಗುತ್ತದೆ. ಸಡಿಲ ಗವಸು, ಬೆರಳ ತುದಿಗೆ ಬರುವ ದಪ್ಪ ಹೊಲಿಗೆ ಎರಡೂ ಕೆಡುಕು; ತೆಳುವಾಗಿ ಕೈಗೆ ಅಂಟಿದಂತಿರುವುದೇ ಒಳ್ಳೆಯದು.

ಹೊಸದಾಗಿ ಕಲಿಯುವವರಿಗೆ ಬೊಬ್ಬೆ ಬರುವುದು ಸಹಜ. ಕೆಲವು ವಾರಗಳ ಮಿತವಾದ ಅಭ್ಯಾಸದಲ್ಲಿ ಚರ್ಮ ಜಡ್ಡುಗಟ್ಟಿ ನೋವು ತಗ್ಗುತ್ತದೆ. ಬೆರಳು ತಾನಾಗಿ ಮಡಚತೊಡಗಿದರೆ ಮಾತ್ರ ಇನ್ನಷ್ಟು ಸಾಧನೆಯೇ ಮದ್ದು ಎಂದು ಹಟ ಹಿಡಿಯದೆ ನರರೋಗ ತಜ್ಞರನ್ನು ಕಾಣುವುದು ಕ್ಷೇಮ. ಹಟದ ಅಭ್ಯಾಸ ಅದನ್ನು ಉಲ್ಬಣಗೊಳಿಸಬಹುದು. ಕಿವಿಗೆ ಬೇಕಾದದ್ದು ನಾದ. ಅದು ಬರಿಗೈಯಿಂದ ಬಂತೋ ರೇಷ್ಮೆಯ ಗವಸಿನಿಂದ ಬಂತೋ ಎಂಬುದನ್ನು ಕೇಳುಗರು ಕಣ್ಣು ಮುಚ್ಚಿ ತೀರ್ಮಾನಿಸಲಿ.